ತುಂಡಾದ ಕಾಡಿನಲ್ಲಿ ಕಿರುಪ್ರಾಣಿಗಳ ಪಾಡು

ಮುಂಡಗೋಡದಿಂದ ಹೊರಟು, ಕಲಘಟಗಿಯ ಮೇಲೆ ಹಾದು ಹಳಿಯಾಳವನ್ನು ಸೇರಿ, ಅಲ್ಲಿಂದ ದಾಂಡೇಲಿಯ ಮಾರ್ಗವಾಗಿ ಜೋಯಿಡಾಕ್ಕೆ ಹೋಗುವ ಪ್ರಯಾಣಿಕನು ಒಂದೇ ದಿನದಲ್ಲಿ ಹಲವು ಬಗೆಯ ಕಾಡುಗಳನ್ನು ಕಾಣಬಹುದು. ಮೊದಲು ಬತ್ತ, ಗೋವಿನಜೋಳಗಳ ಹೊಲಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ತೇಗದ ನೆಡುತೋಪು. ಹಳಿಯಾಳದ ಸುತ್ತ ಕಬ್ಬಿನ ಗದ್ದೆಗಳು, ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಕಾಡು. ದಾಂಡೇಲಿಯನ್ನು ಸಮೀಪಿಸಿದಂತೆ ತೇಗ, ಮತ್ತಿ, ಹೊನ್ನೆ, ನಂದಿಗಳ ಎತ್ತರವಾದ ಮರಗಳು, ಬಿದಿರಿನ ಮೆಳೆಗಳು. ಜೋಯಿಡಾವನ್ನು ದಾಟಿ ಅಣಶಿಯ ಘಟ್ಟದ ಕಡೆಗೆ ತಿರುಗಿದರೆ ಮಳೆಯೂ ಹೆಚ್ಚು, ಹಸುರೂ ದಟ್ಟ. ಅಲ್ಲಿಯದು ವರ್ಷವಿಡೀ ಎಲೆ ಹೊತ್ತು ನಿಲ್ಲುವ ನಿತ್ಯಹರಿದ್ವರ್ಣದ ಕಾಡು.

ಇಷ್ಟನ್ನು ಕಂಡ ಪ್ರಯಾಣಿಕನು, “ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಡಿಗೇನು ಕೊರತೆ?” ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಕಾಡು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಹೇಗಿದೆ ಎಂಬುದು ಇನ್ನೊಂದು ಪ್ರಶ್ನೆ. ಬಾವಿಯ ಹಗ್ಗವನ್ನು ಐದು ತುಂಡು ಮಾಡಿದರೆ ಹಗ್ಗದ ತೂಕವೇನೂ ಕಡಮೆಯಾಗದು. ನೀರು ಮಾತ್ರ ಮೇಲೆ ಬಾರದು. ಕಾಡಿನ ವಿಷಯವೂ ಹೀಗೆಯೇ. ಒಂದಾಗಿದ್ದ ಕಾಡು ಹೋಳುಹೋಳಾಗಿ, ಹೋಳುಗಳ ನಡುವೆ ಗದ್ದೆ, ರಸ್ತೆ, ನೀರು, ವಿದ್ಯುತ್ತಿನ ತಂತಿ ಇವು ಸೇರಿಕೊಂಡಾಗ, ಉಳಿದ ಕಾಡು ಉಳಿದಷ್ಟೂ ಕೆಲಸಕ್ಕೆ ಬರುವುದೆಂದು ಹೇಳಲಾಗದು.

ಈ ಮಾತಿನ ನಿಜವನ್ನು ಮೊದಲು ಅನುಭವಿಸುವವು ಹುಲಿ, ಆನೆಗಳಲ್ಲ. ಅವು ಒಂದು ಕಾಡಿನಿಂದ ಇನ್ನೊಂದಕ್ಕೆ ಹತ್ತಾರು ಕಿಲೋಮೀಟರು ನಡೆದು ಹೋಗಬಲ್ಲುವು. ರಸ್ತೆಯ ಈಚೆ ಹುಟ್ಟಿ, ಆಚೆಗೆ ಎಂದೂ ಹೋಗದೆ ಸಾಯುವ ಪುಟ್ಟ ಪ್ರಾಣಿಗಳೇ ಅದನ್ನು ಮೊದಲು ಅನುಭವಿಸುವವು. ಅವುಗಳ ಪಾಡೇನೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಯಾರು ಈ ಕಿರುಪ್ರಾಣಿಗಳು?

ಮರಿಗೆ ಹಾಲೂಡಿಸುವ ಪ್ರಾಣಿಗಳನ್ನೆಲ್ಲ ಸಸ್ತನಿಗಳೆಂದು ಕರೆಯುವುದು ವಾಡಿಕೆ. ಅವುಗಳಲ್ಲಿ ಸುಮಾರು ಐದು ಕಿಲೋಗ್ರಾಮಿಗಿಂತ ಕಡಮೆ ತೂಕದವನ್ನು ಕಿರುಸಸ್ತನಿಗಳೆಂದು ಪ್ರಾಣಿಶಾಸ್ತ್ರಜ್ಞರು ಬೇರೆಯಾಗಿ ಎಣಿಸುತ್ತಾರೆ. ಇಲಿ, ಹೆಗ್ಗಣ, ಸುಂಡಿಲಿ, ಅಳಿಲು, ಬಾವಲಿ, ಮುಂಗುಸಿ, ಕಾಡುಪಾಪ, ಮೊಲದಷ್ಟೇ ಗಾತ್ರದ ಬರ್ಕ ಮುಂತಾದುವು ಈ ಗುಂಪಿಗೆ ಸೇರಿದವು. ಸಸ್ತನಿಗಳೆಂದೊಡನೆ ನಮ್ಮ ಮನಸ್ಸಿಗೆ ಹಸು, ಕುದುರೆ, ಹುಲಿಗಳು ಬರುತ್ತವೆ. ಆದರೆ ಜಗತ್ತಿನ ಸಸ್ತನಿ ಜಾತಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಇಲಿ ಅಳಿಲುಗಳ ದಂಶಕ ವರ್ಗಕ್ಕೆ ಸೇರಿದವು. ನೂರಕ್ಕೆ ಇಪ್ಪತ್ತರಷ್ಟು ಬಾವಲಿಗಳು. ಅಂದ ಮೇಲೆ ಸಸ್ತನಿಗಳ ರಾಜ್ಯದಲ್ಲಿ ಬಹುಮತ ಕಿರಿಯರದೇ.

ಈ ನಾಡಿನ ಕಿರುಪ್ರಾಣಿಗಳಿಗೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನ ಉಂಟು. ವಾಲ್ಟರ್ ಎಲಿಯಟ್ ಎಂಬ ಆಂಗ್ಲ ಅಧಿಕಾರಿಯ ಹೆಸರನ್ನು ಕಿತ್ತೂರಿನ ಇತಿಹಾಸವನ್ನು ಓದಿದವರು ಬಲ್ಲರು. 1824ರಲ್ಲಿ ಚೆನ್ನಮ್ಮ ರಾಣಿಯ ಸೈನ್ಯಕ್ಕೆ ಸೆರೆಸಿಕ್ಕಿ, ಅನಂತರ ಬಿಡುಗಡೆ ಹೊಂದಿದ ಇಬ್ಬರು ಅಧಿಕಾರಿಗಳಲ್ಲಿ ಅವರೊಬ್ಬರು. ಧಾರವಾಡದ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಅಲ್ಲಿಯ ಪ್ರಾಣಿಗಳನ್ನು ಸಂಗ್ರಹಿಸಿ, 1839ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದರು. ಇಲಿ ಹಿಡಿಯುವುದರಲ್ಲಿ ನಿಪುಣರಾಗಿದ್ದ ಒಡ್ಡರಿಂದಲೂ ಕನ್ನಡ ರೈತರಿಂದಲೂ ಕೇಳಿ ಒಂದೊಂದು ಪ್ರಾಣಿಯ ಹೆಸರನ್ನೂ ಅವರು ಬರೆದುಕೊಂಡರು. ‘ಗುಲಂದಿ’ ಎಂಬ ಕನ್ನಡ ಹೆಸರಿನಿಂದ ‘ಗೊಲುಂಡ’ ಎಂಬ ಕುಲನಾಮ ಹುಟ್ಟಿತು. ಒಡ್ಡರ ‘ಮೆಟ್ಟಾಡೆ’ ಇಂದಿಗೂ ‘ಮಿಲ್ಲಾರ್ಡಿಯ ಮೆಲ್ಟಾಡ’ ಎಂಬ ಹೆಸರಿನಲ್ಲಿ ಬದುಕಿದೆ. ಲಂಡನ್ನಿನ ವಸ್ತುಸಂಗ್ರಹಾಲಯದ ಬೀರುವಿನಲ್ಲಿ ಕುಳಿತಿರುವ ಇಲಿಯ ಚರ್ಮಕ್ಕೆ ನಮ್ಮ ಹೊಲದ ಮಾತೇ ಹೆಸರಾಗಿದೆ.

ಎಲಿಯಟ್ಟರ ತರುವಾಯ, ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘವು 1911ರಲ್ಲಿ ಭಾರತದ ಸಸ್ತನಿಗಳ ದೊಡ್ಡ ಸಮೀಕ್ಷೆಯನ್ನು ಆರಂಭಿಸಿತು. ಧಾರವಾಡವೂ ಕೆನರಾ ಜಿಲ್ಲೆಯೂ ಅದರ ಮೊದಲ ಕ್ಷೇತ್ರಗಳ ಸಾಲಿನಲ್ಲಿದ್ದವು. ಜೋಯಿಡಾದ ಕಾಡಿಗೆ ತಾಗಿಕೊಂಡಂತಿರುವ ಖಾನಾಪುರ ತಾಲೂಕಿನ ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿ ದೊರೆತ ವಿಚಿತ್ರವಾದ ದೊಡ್ಡ ಕಿವಿಯ ಬಾವಲಿಯೊಂದನ್ನು 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಲಾಯಿತು. ರಾಟನ್ನರ ಹೆಸರು ಹೊತ್ತ ಆ ಬಾವಲಿಗೆ ಆ ಗುಹೆಯೊಂದೇ ನೆಲೆಯೆಂದು ಬಹುಕಾಲ ತಿಳಿಯಲಾಗಿತ್ತು. ಆ ಕಾಡು ಭೀಮಗಡ ಅಭಯಾರಣ್ಯವೆಂದು ಘೋಷಿತವಾದದ್ದು 2011ರಲ್ಲಿ.

ಕಾಡು ತುಂಡಾದ ಬಗೆ

ಕಾಡು ಒಂದೇ ದಿನದಲ್ಲಿ ತುಂಡಾಗಲಿಲ್ಲ. ಯಾವೊಬ್ಬರ ಕೈಯಿಂದಲೂ ತುಂಡಾಗಲಿಲ್ಲ. ಬ್ರಿಟಿಷರ ಕಾಲದಲ್ಲಿ ಬೆರಕೆಯ ಕಾಡನ್ನು ಕಡಿದು ತೇಗವನ್ನು ಸಾಲುಸಾಲಾಗಿ ನೆಟ್ಟರು. 1880ರ ದಶಕದಲ್ಲಿ ಕ್ಯಾಸಲ್‌ರಾಕಿನ ಘಟ್ಟವನ್ನು ಇಳಿದು ರೈಲು ಗೋವೆಗೆ ಹೋಯಿತು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ಮರ ಸಾಗಿಸಲು ಇನ್ನೊಂದು ಹಳಿ ಬಂದಿತು. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರಖಾನೆ ಸ್ಥಾಪಿತವಾಗಿ, ಸುತ್ತಲಿನ ಕಾಡಿನ ಬಿದಿರು ಅದಕ್ಕೆ ಕಚ್ಚಾಮಾಲಾಯಿತು. ಮರುವರ್ಷ, 1956ರಲ್ಲಿ, ದಾಂಡೇಲಿಯ ವನ್ಯಪ್ರಾಣಿಧಾಮ ಘೋಷಿತವಾಯಿತು. ಬಳಕೆ ಮತ್ತು ರಕ್ಷಣೆ ಎಂಬ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಅಂದಿನಿಂದ ಈ ಕಾಡಿನ ಕಥೆ ಸಾಗಿದೆ.

1966ರಲ್ಲಿ, ನಾಡನ್ನು ಕಳೆದುಕೊಂಡು ಬಂದ ಟಿಬೆಟಿನ ನಿರಾಶ್ರಿತರಿಗೆ ಮುಂಡಗೋಡದ ಬಳಿ ಸುಮಾರು 4,000 ಎಕರೆ ಅರಣ್ಯಭೂಮಿಯಲ್ಲಿ ನೆಲೆ ಕಲ್ಪಿಸಲಾಯಿತು. ಕಾಳೀ ನದಿಗೆ ಅಡ್ಡಲಾಗಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿದಾಗ ಹಳೆಯ ಸೂಪಾ ಊರು ನೀರಿನಡಿ ಹೋಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಎಂದು ಇದೇ ನದಿಯ ಜಾಲದಲ್ಲಿ ಇನ್ನೂ ಕಟ್ಟೆಗಳೆದ್ದವು. ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಹೊರಗೆ ಒಯ್ಯಲು ಕಾಡಿನ ನಡುವೆ ಮರ ಬೋಳಿಸಿದ ಪಟ್ಟಿಗಳು ಬಂದವು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಅಗತ್ಯ ಇದ್ದಿತು. ನಿರಾಶ್ರಿತನಿಗೆ ಮನೆ ಬೇಡವೆನ್ನುವವರಾರು? ದೀಪ ಬೇಡವೆನ್ನುವವರಾರು? ಆದರೆ ಎಲ್ಲದರ ಒಟ್ಟು ಮೊತ್ತವನ್ನು ಕಾಡೇ ತೆರಬೇಕಾಯಿತು.

ಆ ಮೊತ್ತವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ. 1973ರಲ್ಲಿ ಉತ್ತರ ಕನ್ನಡ ಜಿಲ್ಲೆಯ ನೆಲದಲ್ಲಿ ನೂರಕ್ಕೆ ಸುಮಾರು 68 ಭಾಗ ನಿತ್ಯಹರಿದ್ವರ್ಣ ಮತ್ತು ಅರೆ ಹರಿದ್ವರ್ಣ ಕಾಡಾಗಿದ್ದಿತು. 2013ರಲ್ಲಿ ಅದು ಸುಮಾರು 32 ಭಾಗಕ್ಕೆ ಇಳಿದಿತ್ತು. ಅಣಶಿ ಮತ್ತು ದಾಂಡೇಲಿಯ ಕಾಡುಗಳನ್ನು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಮಾಡಿ, 2015ರಲ್ಲಿ ಕಾಳೀ ಎಂಬ ಹೆಸರನ್ನು ಕೊಟ್ಟಿದ್ದಾರೆ. ಆ ಮೇರೆಯ ಹೊರಗೆ ಹಳಿಯಾಳ, ಮುಂಡಗೋಡಗಳ ಕಡೆ ಉಳಿದಿರುವವು ಹೆಚ್ಚಾಗಿ ತುಂಡುಗಳೇ.

ಅಂಚಿನ ಲೆಕ್ಕ

ತುಂಡಾಗುವುದರಿಂದ ಆಗುವ ನಷ್ಟವೇನೆಂಬುದನ್ನು ತಿಳಿಯಲು ಒಂದು ಸುಲಭವಾದ ಲೆಕ್ಕ ಮಾಡೋಣ. ಒಂದು ಕಿಲೋಮೀಟರು ಉದ್ದ, ಒಂದು ಕಿಲೋಮೀಟರು ಅಗಲದ ಚೌಕದ ಕಾಡು ಇದೆಯೆಂದಿಟ್ಟುಕೊಳ್ಳಿ. ಅದರ ವಿಸ್ತಾರ 100 ಹೆಕ್ಟೇರು. ಹೊರಗಿನ ಬಿಸಿಲು, ಗಾಳಿ, ಬೆಂಕಿ, ದನ, ನಾಯಿ ಇವು ಅಂಚಿನಿಂದ 100 ಮೀಟರಿನವರೆಗೆ ಒಳಗೆ ಪ್ರಭಾವ ಬೀರುತ್ತವೆಂದು ಭಾವಿಸೋಣ. ಆಗ ನಿಜವಾದ ಒಳಗಾಡು 800 ಮೀಟರಿನ ಚೌಕವಷ್ಟೆ, ಎಂದರೆ 64 ಹೆಕ್ಟೇರು.

ಈಗ ಈ ಕಾಡನ್ನು ಒಂದು ಹೆಕ್ಟೇರನ್ನೂ ಕಡಮೆ ಮಾಡದೆ ನಾಲ್ಕು ಸಮನಾದ ಚೌಕಗಳಾಗಿ ಒಡೆದು, ದೂರ ದೂರ ಇರಿಸಿದೆವೆನ್ನೋಣ. ಒಂದೊಂದು ಚೌಕದ ಬದಿ 500 ಮೀಟರು. ಅದರ ಒಳಗಾಡು 300 ಮೀಟರಿನ ಚೌಕ, ಎಂದರೆ 9 ಹೆಕ್ಟೇರು. ನಾಲ್ಕೂ ಸೇರಿ 36 ಹೆಕ್ಟೇರು. ಇಪ್ಪತ್ತೈದು ತುಂಡು ಮಾಡಿದರೆ ಬದಿ 200 ಮೀಟರು. ಎರಡು ಕಡೆಯ ಅಂಚುಗಳು ನಡುವೆ ಬಂದು ಕೂಡಿಬಿಡುತ್ತವೆ. ಒಳಗಾಡು ಸೊನ್ನೆ! ಕಂದಾಯದ ಕಾಗದದಲ್ಲಿ ಕಾಡು ಇನ್ನೂ 100 ಹೆಕ್ಟೇರೇ. ಆದರೆ ತಂಪು ನೆರಳನ್ನೂ ಒದ್ದೆ ತರಗೆಲೆಯನ್ನೂ ನಂಬಿ ಬದುಕುವ ಪ್ರಾಣಿಗೆ ಅಲ್ಲಿ ಕಾಲಿಡಲು ಜಾಗವಿಲ್ಲ.

ಅಂಚಿನಲ್ಲಿ ಆಗುವುದೇನು? ಬಿಸಿಲು ನೆಲಕ್ಕೆ ತಾಗಿ ತರಗೆಲೆ ಒಣಗುತ್ತದೆ. ಅದರಡಿಯ ಹುಳುಹುಪ್ಪಟೆ ಕಡಮೆಯಾಗುತ್ತವೆ. ಗಾಳಿಗೆ ದೊಡ್ಡ ಮರಗಳು ಉರುಳುತ್ತವೆ. ಲಂಟಾನ, ಕಮ್ಯುನಿಸ್ಟ್ ಗಿಡ ಮುಂತಾದ ಹೊರನಾಡಿನ ಪೊದೆಗಳು ನುಗ್ಗಿ, ಬೇಸಗೆಯಲ್ಲಿ ಬೆಂಕಿಗೆ ಸೌದೆಯಾಗುತ್ತವೆ. ಹೀಗೆ ಅಂಚು ನಿಂತಲ್ಲಿ ನಿಲ್ಲದೆ ವರ್ಷವರ್ಷವೂ ಒಳಕ್ಕೆ ಸರಿಯುತ್ತದೆ.

ಸೋಲುವವರು, ಗೆಲ್ಲುವವರು

ಎಲ್ಲ ಪ್ರಾಣಿಗಳಿಗೂ ಇದರಿಂದ ಒಂದೇ ತೆರನಾದ ಕೇಡಾಗುವುದಿಲ್ಲ. ದಾಂಡೇಲಿಯ ಕಾಡಿನ ಅಲಂಕಾರವೆನ್ನಬಹುದಾದ ಕೆಂದಳಿಲನ್ನು ತೆಗೆದುಕೊಳ್ಳಿ. ಉದ್ದನೆಯ ಪೊದೆಬಾಲದ ಈ ಪ್ರಾಣಿ ಮರದ ತಲೆಯಿಂದ ತಲೆಗೆ ನೆಗೆಯುತ್ತ ಆಯುಷ್ಯವನ್ನು ಕಳೆಯುತ್ತದೆ. ನೆಲಕ್ಕೆ ಇಳಿಯುವುದು ಬಹು ಅಪರೂಪ. ಕೊಂಬೆಗೆ ಕೊಂಬೆ ಕೂಡಿರುವವರೆಗೆ ಕಾಡೆಲ್ಲ ಅದರ ರಾಜಬೀದಿ. ನಡುವೆ ಅಗಲವಾದ ರಸ್ತೆ ಬಂದರೆ ಅದಕ್ಕೆ ಅದು ಹೊಳೆಯಷ್ಟೇ ದುಸ್ತರ. ಅಲ್ಲದೆ ಅದು ಹೆರುವ ಮರಿಗಳು ಒಂದೋ ಎರಡೋ. ಕಳೆದುಹೋದದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇರುಳಿನಲ್ಲಿ ಸಂಚರಿಸುವ ಹಾರುಬೆಕ್ಕಿನದು ಇನ್ನೊಂದು ಕಷ್ಟ. ಹೆಸರು ಬೆಕ್ಕಾದರೂ ಇದು ಅಳಿಲಿನ ಜಾತಿ. ಮುಂಗಾಲಿನಿಂದ ಹಿಂಗಾಲಿಗೆ ಹರಡಿದ ಚರ್ಮವನ್ನು ಬಿಚ್ಚಿ ಎತ್ತರದ ಮರದಿಂದ ದೂರದ ಮರಕ್ಕೆ ತೇಲುತ್ತದೆ. ಆದುದರಿಂದ ಸಣ್ಣಪುಟ್ಟ ಬಯಲು ಇದಕ್ಕೆ ಅಡ್ಡಿಯಲ್ಲ. ಆದರೆ ಹಗಲು ಮಲಗಲು ಇದಕ್ಕೆ ಹಳೆಯ ಮರದ ಪೊಟರೆ ಬೇಕು. ಒಂದೇ ವಯಸ್ಸಿನ ತೇಗ, ನೀಲಗಿರಿ, ಅಕೇಶಿಯಗಳ ನೆಡುತೋಪಿನಲ್ಲಿ ಪೊಟರೆ ಎಲ್ಲಿಂದ ಬರಬೇಕು? ಪೊಟರೆ ಬೀಳುವಷ್ಟು ಮುಪ್ಪಾಗಲು ಆ ಮರಗಳನ್ನು ಯಾರೂ ಬಿಡುವುದಿಲ್ಲ.

ನೆಲದ ಇಲಿಗಳಾದರೂ ರಸ್ತೆಯನ್ನು ಸುಲಭವಾಗಿ ದಾಟಬಹುದಲ್ಲ ಎಂದು ಕೇಳಬಹುದು. 1980ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಮಾದರ್ ಎಂಬವರು ಕಾಡಿನ ಇಲಿಗಳನ್ನು ಹಿಡಿದು, ಗುರುತು ಮಾಡಿ, ಬಿಟ್ಟು ನೋಡಿದರು. ರಸ್ತೆಯ ಒಂದು ಬದಿಯ ಇಲಿಗಳು ಇನ್ನೊಂದು ಬದಿಗೆ ಹೋಗಿದ್ದುದು ತೀರ ವಿರಳ. ಅಂಗೈಯಗಲದ ಪ್ರಾಣಿಗೆ, ಗೂಬೆಯ ಕಣ್ಣಿನ ಕೆಳಗೆ ಹತ್ತು ಮೀಟರಿನ ಬಯಲೆಂದರೆ ಪ್ರಾಣಭಯದ ದಾರಿ.

ಇತ್ತ ಹೊಲದ ಇಲಿ, ಹೆಗ್ಗಣ, ಮನೆಯ ಇಲಿ, ಊರ ಅಳಿಲು ಇವುಗಳಿಗೆ ತುಂಡುಗಾಡು ಸುಗ್ಗಿಯ ಕಾಲ. ಏನನ್ನಾದರೂ ತಿನ್ನಬಲ್ಲ, ಎಲ್ಲಿಯಾದರೂ ಇರಬಲ್ಲ, ವರ್ಷಕ್ಕೆ ಹಲವು ಸೂಲು ಹೆರಬಲ್ಲ ಇವು ಹೊಲದಿಂದ ಕಾಡಿನಂಚಿಗೂ ಅಂಚಿನಿಂದ ಒಳಕ್ಕೂ ನುಗ್ಗುತ್ತವೆ. ಅಂಚಿನಲ್ಲಿ ಬೋನು ಇಟ್ಟು ಎಣಿಸಿದವನಿಗೆ ಇಲಿಗಳ ಸಂಖ್ಯೆ ಹೆಚ್ಚಿರುವಂತೆಯೇ ತೋರಬಹುದು. ಸಂಖ್ಯೆ ಹೆಚ್ಚಿದೆ, ಜಾತಿಗಳು ಕಡಮೆಯಾಗಿವೆ. ಜಾತ್ರೆಯಲ್ಲಿ ಜನ ಬಹಳವಿದ್ದರೂ ಎಲ್ಲರೂ ಒಂದೇ ಮನೆಯವರಾದರೆ ಅದು ಜಾತ್ರೆಯಾಗದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಹ್ಯಾದ್ರಿಯ ದಟ್ಟಗಾಡಿನಲ್ಲಿ ಮರವಾಸಿಯಾದ ಒಂದು ಇಲಿಯುಂಟು. ಸಾತಾರಾದ ಹೆಸರನ್ನು ಹೊತ್ತ ಅದನ್ನು ಬಹುಕಾಲ ಮನೆಯ ಇಲಿಯ ಒಂದು ಉಪಜಾತಿಯೆಂದೇ ಎಣಿಸುತ್ತಿದ್ದರು. ಅನುವಂಶೀಯ ದ್ರವ್ಯದ ಪರೀಕ್ಷೆಯಿಂದ ಅದು ಬೇರೆಯೇ ಜಾತಿಯೆಂಬುದು ಈ ಶತಮಾನದಲ್ಲಿ ಸ್ಪಷ್ಟವಾಯಿತು. ಇಂತಹ ಕಡೆ ಒಂದು ಇಲಿಯ ಜಾಗಕ್ಕೆ ಇನ್ನೊಂದು ಇಲಿ ಬಂದರೆ, ಏನೋ ಕಳೆದುಹೋಯಿತೆಂಬುದೇ ನಮಗೆ ತಿಳಿಯದೆ ಹೋಗಬಹುದು.

ನೀರಿನ ನಡುವಣ ಪಾಠ

ತುಂಡುಗಾಡಿನಲ್ಲಿ ಮುಂದೇನಾಗುವುದೆಂದು ಊಹಿಸಲು ವಿಜ್ಞಾನಿಗಳು ದ್ವೀಪಗಳನ್ನು ನೋಡುತ್ತಾರೆ. 1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು ದ್ವೀಪಗಳ ಜೀವಿಗಳ ವಿಷಯವಾಗಿ ಪ್ರಸಿದ್ಧವಾದ ಸಿದ್ಧಾಂತವೊಂದನ್ನು ಮಂಡಿಸಿದರು. ದ್ವೀಪ ಚಿಕ್ಕದಾದಷ್ಟೂ ಜಾತಿಗಳು ಬೇಗ ಅಳಿಯುತ್ತವೆ. ದೂರವಾದಷ್ಟೂ ಹೊಸಬರು ಬರುವುದು ಕಷ್ಟ. ಗದ್ದೆಗಳ ನಡುವಣ ಕಾಡು ಒಂದು ದ್ವೀಪವೇ ಅಲ್ಲವೆ?

ಥಾಯ್ಲೆಂಡಿನಲ್ಲಿ 1986–87ರಲ್ಲಿ ಚಿಯು ಲಾರ್ನ್ ಎಂಬಲ್ಲಿ ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ತುಂಬಿದಾಗ, ಮುಳುಗದೆ ಉಳಿದ ಗುಡ್ಡದ ತಲೆಗಳು ನೂರಾರು ದ್ವೀಪಗಳಾದವು. ಅವುಗಳಲ್ಲಿ ಹದಿನಾರು ದ್ವೀಪಗಳ ಕಿರುಸಸ್ತನಿಗಳನ್ನು ವಿಜ್ಞಾನಿಗಳು ಮೊದಲು ಐದಾರು ವರ್ಷಗಳ ತರುವಾಯ, ಮತ್ತೆ ಇಪ್ಪತ್ತೈದು ವರ್ಷಗಳ ತರುವಾಯ ಎಣಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹತ್ತು ಹೆಕ್ಟೇರಿಗಿಂತ ಚಿಕ್ಕ ದ್ವೀಪಗಳಲ್ಲಿ ಮೂಲ ಕಾಡಿನ ಕಿರುಸಸ್ತನಿಗಳು ಐದಾರು ವರ್ಷಗಳಲ್ಲೇ ಬಹುಮಟ್ಟಿಗೆ ಅಳಿದಿದ್ದವು. ಅದಕ್ಕಿಂತ ದೊಡ್ಡವಾದ, 56 ಹೆಕ್ಟೇರಿನವರೆಗಿನ ದ್ವೀಪಗಳಲ್ಲಿಯೂ ಇಪ್ಪತ್ತೈದು ವರ್ಷಗಳಲ್ಲಿ ಅದೇ ಗತಿಯಾಯಿತು. ಅವುಗಳ ಜಾಗದಲ್ಲಿ ಹೊರಗಿನಿಂದ ಬಂದ ಒಂದು ಹೊಲದ ಇಲಿ ಮಾತ್ರ ಹೇರಳವಾಗಿತ್ತು. ನಮ್ಮ ಸೂಪಾ ಜಲಾಶಯವೂ ಅದೇ 1987ರದು ಎಂಬುದನ್ನು ನೆನೆದರೆ ಈ ಪಾಠ ದೂರದ್ದೆನಿಸುವುದಿಲ್ಲ.

ಕಾಡು ಇದ್ದೂ ಪ್ರಾಣಿಗಳು ಅಳಿಯುವುದೇಕೆ? ಒಂದು ಕಾರಣ ಬರಿಯ ಆಕಸ್ಮಿಕ. ಒಂದು ತುಂಡಿನಲ್ಲಿ ಒಂದು ಬೇಸಗೆಯ ಕೊನೆಗೆ ನಾಲ್ಕೇ ಇಲಿಗಳು ಉಳಿದವೆನ್ನಿ. ನಾಲ್ಕೂ ಗಂಡಾಗಿರುವ ಅಥವಾ ನಾಲ್ಕೂ ಹೆಣ್ಣಾಗಿರುವ ಸಂಭವ ಎಂಟರಲ್ಲಿ ಒಂದು. ಹಾಗಾದರೆ ಆ ವಂಶ ಅಲ್ಲಿಗೆ ಮುಗಿಯಿತು. ನಲವತ್ತು ಉಳಿದಿದ್ದರೆ ಆ ಸಂಭವ ಸುಮಾರು ಐವತ್ತೈದು ಸಾವಿರ ಕೋಟಿಯಲ್ಲಿ ಒಂದು! ಅಲ್ಪಸಂಖ್ಯೆಯೇ ಅಪಾಯವೆಂಬುದು ಇದರಿಂದ ತಿಳಿಯುತ್ತದೆ. ಇದರ ಮೇಲೆ ಒಂದು ಕಾಡುಗಿಚ್ಚು, ಒಂದು ರೋಗ, ಫಲ ಬಾರದ ಒಂದು ವರ್ಷ ಸಾಕು. ದೊಡ್ಡ ಕಾಡಿನಲ್ಲಿಯೂ ಇಂತಹ ಅನಾಹುತ ನಡೆಯುವುದುಂಟು. ಆದರೆ ಅಲ್ಲಿ ಪಕ್ಕದ ಕಣಿವೆಯಿಂದ ಬಂಧುಗಳು ಬಂದು ಬರಿದಾದ ಜಾಗವನ್ನು ತುಂಬುತ್ತಾರೆ. ತುಂಡುಗಾಡಿಗೆ ಪಕ್ಕದ ಕಣಿವೆ ಇಲ್ಲ. ಉಳಿದವು ತಮ್ಮ ತಮ್ಮಲ್ಲೇ ಕೂಡಿ, ವಂಶದ ದೋಷಗಳು ಹೊರಬಿದ್ದು, ಬಲಗುಂದುವುದು ಇನ್ನೊಂದು ಕಾರಣ.

ಎಣಿಸುವುದು ಹೇಗೆ?

ಕಣ್ಣಿಗೆ ಬೀಳದ ಪ್ರಾಣಿಗಳನ್ನು ಎಣಿಸುವ ಬಗೆ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸಬಹುದು. ಸಂಜೆ ಕಾಡಿನಲ್ಲಿ ಸಾಲಾಗಿ ತಗಡಿನ ಪೆಟ್ಟಿಗೆಬೋನುಗಳನ್ನಿಟ್ಟು, ಒಳಗೆ ಶೇಂಗಾ, ಕೊಬ್ಬರಿಗಳನ್ನು ಹಾಕುತ್ತಾರೆ. ಪ್ರಾಣಿ ಒಳಹೊಕ್ಕೊಡನೆ ಬಾಗಿಲು ಮುಚ್ಚುತ್ತದೆ, ನೋವಾಗುವುದಿಲ್ಲ. ಬೆಳಗ್ಗೆ ಅದನ್ನು ತೂಗಿ, ಅಳೆದು, ಗುರುತು ಮಾಡಿ, ಹಿಡಿದಲ್ಲಿಯೇ ಬಿಡುತ್ತಾರೆ. ಮೊದಲ ಸಲ 40 ಇಲಿಗಳಿಗೆ ಗುರುತು ಮಾಡಿ ಬಿಟ್ಟೆವೆನ್ನಿ. ಕೆಲವು ದಿನಗಳ ಮೇಲೆ ಮತ್ತೆ 50 ಸಿಕ್ಕಿದವು; ಅವುಗಳಲ್ಲಿ 10ಕ್ಕೆ ಗುರುತಿದ್ದಿತು. ಎಂದರೆ ಐದರಲ್ಲಿ ಒಂದಕ್ಕೆ ಗುರುತು. ಗುರುತಾದವು ಒಟ್ಟು 40 ಆದುದರಿಂದ, ಕಾಡಿನಲ್ಲಿರುವ ಒಟ್ಟು ಇಲಿಗಳು ಸುಮಾರು 200. ಗುರುತಿನ ಇಲಿಯೊಂದು ಪಕ್ಕದ ತುಂಡಿನಲ್ಲಿ ಸಿಕ್ಕಿದರೆ ಅದು ಬಯಲನ್ನು ದಾಟಿತೆಂಬುದಕ್ಕೆ ಸಾಕ್ಷಿ. ಸಿಕ್ಕದೇ ಹೋದರೆ ಅದೂ ಒಂದು ಉತ್ತರವೇ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಜಯ್ ಮೋಲೂರ್ ಅವರು ಕೊಡಗಿನ ಕಾಡು, ತೋಟಗಳ ಕಿರುಸಸ್ತನಿಗಳನ್ನು ಕುರಿತು ನಡೆಸಿದ ಸಂಶೋಧನೆ 2009ರಲ್ಲಿ ಪ್ರಕಟವಾಗಿದೆ.

ನಮಗೇನು?

“ಇಲಿ ಅಳಿಲುಗಳು ಹೋದರೆ ನಮಗೇನು ನಷ್ಟ?” ಎಂಬ ಪ್ರಶ್ನೆ ಸಹಜವಾದುದು. ಇಲಿಯನ್ನು ಕಂಡರೆ ರೈತನಿಗೆ ಸಿಟ್ಟು ಬರುವುದೂ ನ್ಯಾಯವೇ. 1820ರ ದಶಕದಲ್ಲಿ ಮಳೆ ತಪ್ಪಿದಾಗ ಧಾರವಾಡದ ಕಡೆ ಮೆಟ್ಟಾಡೆ ಇಲಿಗಳು ಹೆಚ್ಚಿ, ಬಿತ್ತಿದ ಬೀಜವನ್ನೂ ಬಿಡದೆ ತಿಂದುದನ್ನು ಎಲಿಯಟ್ಟರು ಬರೆದಿದ್ದಾರೆ. ಆದರೆ ಆ ಕಾಟ ಕೊಟ್ಟದ್ದು ಹೊಲದ ಇಲಿ, ಕಾಡಿನ ಇಲಿಯಲ್ಲ. ತುಂಡುಗಾಡು ಅಳಿಸುವುದು ಕಾಡಿನವನ್ನು, ಹೆಚ್ಚಿಸುವುದು ಹೊಲದವನ್ನು ಎಂಬುದನ್ನು ಮರೆಯಬಾರದು.

ಕಾಡಿನ ಕಿರುಪ್ರಾಣಿಗಳಿಗೆ ಅವುಗಳದೇ ಆದ ಕೆಲಸವಿದೆ. ಅಳಿಲು, ಇಲಿಗಳು ಬೀಜಗಳನ್ನು ಒಯ್ದು ಅಲ್ಲಲ್ಲಿ ಹುಗಿದಿಡುತ್ತವೆ, ಮರೆತದ್ದು ಮೊಳೆಯುತ್ತದೆ. ಬಾವಲಿಗಳು ಹೂವಿಗೆ ಪರಾಗವನ್ನೂ ಬಯಲಿಗೆ ಬೀಜವನ್ನೂ ಒಯ್ಯುತ್ತವೆ. ಸುಂಡಿಲಿಗಳು ಹುಳುಗಳನ್ನು ಮಿತಿಯಲ್ಲಿಡುತ್ತವೆ. ಗೂಬೆ, ಹಾವು, ಕಾಡುಬೆಕ್ಕುಗಳಿಗೆ ಇವೆಲ್ಲವೂ ಊಟ.

ಒಂದರ ಸಮತೋಲ ತಪ್ಪಿದರೆ ಇನ್ನೊಂದಕ್ಕೆ ಏನಾಗುವುದೆಂಬುದಕ್ಕೆ ಈ ಜಿಲ್ಲೆಯ ಬಿದಿರೇ ಸಾಕ್ಷಿ. ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಸವರಿಹಾಕುವುದು ಒಳ್ಳೆಯದೆಂದು ಭಾವಿಸಲಾಗಿತ್ತು. ಹಳ್ಳಿಯವರು ಅದು ತಪ್ಪೆನ್ನುತ್ತಿದ್ದರು. ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಅವರು 1970ರ ದಶಕದಿಂದ ಉತ್ತರ ಕನ್ನಡದಲ್ಲಿ ನಡೆಸಿದ ಅಧ್ಯಯನದಲ್ಲಿ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳಿನ ಬೇಲಿ ಹೋದೊಡನೆ ದನ, ಮುಸುವ, ಮುಳ್ಳುಹಂದಿಗಳು ಎಳೆಯ ಕಳಲೆಯನ್ನು ತಿಂದು, ಹೊಸ ಬಿದಿರು ಏಳದಂತಾಗಿತ್ತು.

ಇನ್ನು ರೋಗದ ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಮನುಷ್ಯರಿಗೂ ಕಠಿಣವಾದ ಜ್ವರ ಬಂದಿತು. ಮಂಗನ ಕಾಯಿಲೆಯೆಂದು ಹೆಸರಾದ ಇದರ ವಿಷಾಣುವನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆ. ಈ ಉಣ್ಣೆ ಮರಿಯಾಗಿರುವಾಗ ಕಾಡಿನ ಇಲಿ, ಸುಂಡಿಲಿ, ಅಳಿಲು, ಮಂಗಗಳ ರಕ್ತವನ್ನು ಹೀರುತ್ತದೆ; ಬೆಳೆದ ಮೇಲೆ ದನ ಮೊದಲಾದ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಕಾಡಿನ ಒಳಗೆ ದನ ಬಹಳ ಇರುವುದಿಲ್ಲ. ಊರ ಒಳಗೆ ಮಂಗನೂ ಕಾಡಿಲಿಯೂ ಇರುವುದಿಲ್ಲ. ಇವೆಲ್ಲವೂ ಮನುಷ್ಯನೊಡನೆ ಒಂದೆಡೆ ಕೂಡುವುದು ಕಾಡಿನ ಅಂಚಿನಲ್ಲಿ. 1969ರಲ್ಲಿಯೇ ಬಾಶೆಲ್ ಎಂಬ ವಿಜ್ಞಾನಿ ಕಾಡಿನ ಮಾರ್ಪಾಟಿಗೂ ದನಗಳ ಮೇವಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ವಿವರಿಸಿದ್ದರು. 1982–83ರಲ್ಲಿ ಬೆಳ್ತಂಗಡಿಯ ಕಡೆ ಕಾಡು ಕಡಿದ ತರುವಾಯ ಸಾವಿರಕ್ಕೂ ಹೆಚ್ಚು ಜನ ಈ ಬೇನೆಗೆ ಒಳಗಾದರು. ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಸಿದ್ದಾಪುರದಲ್ಲಿಯೂ ಜೋಯಿಡಾದ ಆಚೆಯ ಗೋವೆಯ ಸತ್ತರಿಯಲ್ಲಿಯೂ ಇದು ಕಾಣಿಸಿಕೊಂಡಿದೆ. ಕಾಡು ತುಂಡಾದುದೊಂದೇ ಇದಕ್ಕೆ ಕಾರಣವೆನ್ನುವುದು ಸರಿಯಲ್ಲ. ಆದರೆ ಅಂಚು ಉದ್ದವಾದಷ್ಟೂ ಇಂತಹ ಭೇಟಿಗಳು ಹೆಚ್ಚುವುವು ಎಂಬುದರಲ್ಲಿ ಸಂದೇಹವಿಲ್ಲ.

ಮಾಡಬಹುದಾದದ್ದು

ಹೋದ ಕಾಡನ್ನೆಲ್ಲ ಮರಳಿ ತರಲಾಗದು. ಊರುಗಳನ್ನೂ ಕಟ್ಟೆಗಳನ್ನೂ ಕಿತ್ತುಹಾಕಲಾಗದು. ಆದರೆ ತುಂಡಾದ ಹಗ್ಗಕ್ಕೆ ಗಂಟು ಹಾಕಬಹುದು. ಹಳ್ಳದ ಎರಡು ದಂಡೆಗಳಲ್ಲಿ ಮರಗಳನ್ನು ಬಿಟ್ಟರೆ, ಆ ಹಸುರು ಪಟ್ಟಿಯೇ ಒಂದು ಕಾಡಿನಿಂದ ಇನ್ನೊಂದಕ್ಕೆ ಕಿರುಪ್ರಾಣಿಗಳ ದಾರಿಯಾಗುತ್ತದೆ. ಹೊಲದ ಜೀವಂತ ಬೇಲಿ, ಅಡಕೆ ತೋಟದ ಮೇಲಣ ಸೊಪ್ಪಿನಬೆಟ್ಟ, ದೇವರ ಹೆಸರಿನಲ್ಲಿ ಹಿರಿಯರು ಕೊಡಲಿ ಹಾಕದೆ ಉಳಿಸಿದ ಕಾನು ಇವು ಚಿಕ್ಕವಾದರೂ ದಾರಿಯ ನಡುವಣ ತಂಗುದಾಣಗಳು. ರಸ್ತೆಯ ಮೇಲೆ ಎರಡು ಕಡೆಯ ಕೊಂಬೆಗಳು ಕೂಡುವಂತೆ ಬಿಟ್ಟರೆ ಕೆಂದಳಿಲಿಗೆ ಅದೇ ಸೇತುವೆ. ತಮಿಳುನಾಡಿನ ವಾಲ್ಪಾರೆಯಲ್ಲಿ ಸಿಂಗಳೀಕಗಳಿಗಾಗಿ ಮರದಿಂದ ಮರಕ್ಕೆ ಕಟ್ಟಿದ ಸೇತುವೆಗಳನ್ನು ಅವು ಬಳಸುತ್ತಿವೆ. ನೆಡುತೋಪಿನಲ್ಲಿ ಅಲ್ಲಲ್ಲಿ ಮುದಿಮರಗಳನ್ನು ಕಡಿಯದೆ ಬಿಟ್ಟರೆ ಹಾರುಬೆಕ್ಕಿಗೆ ಪೊಟರೆ ಸಿಕ್ಕೀತು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೂ ಒಂದಾಗಿ ಉಳಿದಿರುವ ಜೋಯಿಡಾ, ಅಣಶಿ, ಭೀಮಗಡಗಳ ಕಾಡನ್ನು ಹೊಸದಾಗಿ ಸೀಳದಿರಬೇಕು. ಅಲ್ಲಿ ಗೆರೆ ಎಳೆಯುವ ಮೊದಲು ನಾವು ಮೇಲೆ ಮಾಡಿದ ಅಂಚಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹಳಿಯಾಳದಲ್ಲಿಯೋ ಮುಂಡಗೋಡದಲ್ಲಿಯೋ ಓದುತ್ತಿರುವ ವಿದ್ಯಾರ್ಥಿಗೆ ಈ ಕೆಲಸದಲ್ಲಿ ಪಾಲಿದೆ. ನಿಮ್ಮ ಊರಿನ ಕಾಡಿನ ತುಂಡು ಎಷ್ಟು ಅಗಲ? ಅದರಿಂದ ಮುಂದಿನ ತುಂಡಿಗೆ ಎಷ್ಟು ದೂರ? ನಡುವೆ ಮರಗಳ ಸಾಲುಂಟೆ? ಅಲ್ಲಿ ಕಾಣುವುದು ಕೆಂದಳಿಲೋ, ಊರ ಅಳಿಲೋ? ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಹಿರಿಯರು ಆ ಪ್ರಾಣಿಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದನ್ನೂ ಕೇಳಿ ಬರೆದುಕೊಳ್ಳಿ. ಇನ್ನೂರು ವರ್ಷಗಳ ಹಿಂದೆ ಹೊರನಾಡಿನವರೊಬ್ಬರು ನಮ್ಮ ಹೊಲದ ಇಲಿಗಳ ಹೆಸರನ್ನು ಕೇಳಿ ಬರೆದುಕೊಂಡುದರಿಂದಲೇ ಅಂದು ಇಲ್ಲಿ ಯಾವ ಇಲಿಗಳಿದ್ದವೆಂಬುದು ಇಂದು ನಮಗೆ ಗೊತ್ತಾಗಿದೆ. ಇಂದು ಇರುವುದನ್ನು ಬರೆದಿಡದೆ ಹೋದರೆ, ನಾಳೆ ಹೋದುದು ಏನೆಂದು ಹೇಳಲು ಯಾರೂ ಇರುವುದಿಲ್ಲ.